ಸಂಪಂಗಯ್ಯನವರ ಬಿಕ್ಕಳಿಕೆ, ನನ್ನ ನೊಣ

ನಮ್ಮೂರಿನಲ್ಲಿ ಮರ್ಯಾದಸ್ಥರು ಯಾರೂ ಯಾರನ್ನೂ "ಊಟ ಆಯ್ತಾ" ಎಂದು ಕೇಳುವುದಿಲ್ಲ. "ಊಟದ ಹೊತ್ತು ಮೀರ್ತಾ ಬಂತು" ಎಂದು ಗಾಳಿಗೆ ಹೇಳಿದ ಹಾಗೆ ಹೇಳಿ ನಿಲ್ಲುತ್ತಾರೆ. ತಿಳಿಸಬೇಕೆನಿಸಿದವರು ತಿಳಿಸುತ್ತಾರೆ, ಬೇಡದವರು ಮೋಡ ನೋಡುತ್ತಾರೆ. ಕೇಳಿಬಿಟ್ಟರೆ ಮಾತ್ರ ಕಷ್ಟ. ಕೇಳಿದ್ದಕ್ಕೆ ಉತ್ತರ ಹೇಳದಿದ್ದರೆ ಬಿಕ್ಕಳಿಕೆ ಹಿಡಿಯುತ್ತದೆ. ಸುಳ್ಳು ಹೇಳಿದರೂ ಹಿಡಿಯುತ್ತದೆ. ಅರ್ಧ ಹೇಳಿ ಅರ್ಧ ನುಂಗಿದರೆ ಸಣ್ಣದಾಗಿ, ಕಪ್ಪೆಮರಿಯ ಹಾಗೆ ಹಿಡಿಯುತ್ತದೆ. ನೀರು ಕುಡಿದರೆ, ಸಕ್ಕರೆ ಮುಕ್ಕಿದರೆ ಹೋಗುವಂಥದ್ದಲ್ಲ ಅದು. ಕೇಳಿದವರಿಗೆ ನಿಜ ಹೇಳಬೇಕು, ಇಲ್ಲವೇ ಕೇಳಿದವರೇ ಆ ಪ್ರಶ್ನೆಯನ್ನು ಮನಸಾರೆ ಬಿಟ್ಟುಬಿಡಬೇಕು. ಬಾಯಿಮಾತಿಗೆ ಬಿಟ್ಟೆ ಎಂದವರು ಬಹಳ ಮಂದಿ. ಅದರಿಂದ ಯಾರ ಬಿಕ್ಕಳಿಕೆಯೂ ನಿಂತ ಉದಾಹರಣೆಯಿಲ್ಲ.

ಇದರಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ. ತನ್ನ ಕೈಯಾರೆ ಕಟ್ಟಿದ ನೊಣವನ್ನು ಗಾಳಕ್ಕೆ ಹಾಕಿ ಹೊಳೆಯಿಂದ ಒಂದು ಮೀನು ಹಿಡಿಯಬೇಕು. ಮೀನು ಕೈಗೆ ಬಂದ ಗಳಿಗೆಯಿಂದ, ಮುಂದಿನ ಮಳೆಗೆ ಹೊಳೆ ಕೆಂಪಾಗುವ ತನಕ ಆ ಮನುಷ್ಯನಿಗೆ ಬಿಕ್ಕಳಿಕೆ ಮುಟ್ಟುವುದಿಲ್ಲ. ಕೇಳಿದ್ದಕ್ಕೆ ಸುಮ್ಮನಿರಬಹುದು, ಬೇಕಾದರೆ ಸುಳ್ಳನ್ನೂ ಹೇಳಬಹುದು. ನಮ್ಮ ಹೊಳೆಯ ಮೀನಿಗೆ ಎರೆಹುಳ ಕಂಡರೆ ಅಸಹ್ಯ, ಹಿಟ್ಟಿನ ಉಂಡೆಯನ್ನು ಮೂಸಿಯೂ ನೋಡುವುದಿಲ್ಲ. ಗರಿ, ಕೂದಲು, ದಾರ ಸುತ್ತಿ ಮಾಡಿದ ನೊಣವೇ ಆಗಬೇಕು. ಬೇರೆಯವರು ಕಟ್ಟಿದ್ದನ್ನು ಸಾಲ ತಂದರೆ ಮೀನೇನೋ ಸಿಗುತ್ತದೆ. ಸಾರು ಮಾಡಿ ತಿನ್ನಬಹುದು, ಅಷ್ಟೆ.

ಹೀಗಾಗಿ ಬೆಳಿಗ್ಗೆ ಹೊಳೆದಂಡೆಗೆ ಹೋದರೆ ಊರಿನಲ್ಲಿ ಗುಟ್ಟು ಇರುವವರೆಲ್ಲ ಸಾಲಾಗಿ ಕೂತಿರುವುದು ಕಾಣುತ್ತದೆ. ಹಾಲಿನ ಕೆಂಪರಾಜು ಎಲ್ಲರಿಗಿಂತ ಮೊದಲು ಬಂದಿರುತ್ತಾನೆ. ಅವನ ಪಕ್ಕದ ಕಲ್ಲಿನ ಮೇಲೆ ಅಕ್ಕಸಾಲಿಗರು, ಅವರ ಆಚೆಗೆ ಮದುವೆ ದಳ್ಳಾಳಿ. ಒಬ್ಬರ ಮುಖ ಒಬ್ಬರು ನೋಡದಿರುವುದು ಅಲ್ಲಿಯ ಸಂಪ್ರದಾಯ. ಮೀನು ಹಿಡಿದವರ ಮಾತಿಗೆ ಊರಲ್ಲಿ ಕಿಮ್ಮತ್ತಿಲ್ಲ, ಆದರೆ ಅವರಿಗಿರುವ ನೆಮ್ಮದಿ ಬೇರೆ ಯಾರಿಗೂ ಇಲ್ಲ.

ನನಗೆ ಗುಟ್ಟುಗಳೇನೂ ಇರಲಿಲ್ಲ. ಇರಲು ಬಿಡುವವರೂ ಇರಲಿಲ್ಲ. ಬಿ.ಎ. ಮುಗಿಸಿ ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಮ್ಮ ಒಳ್ಳೆಯವಳು, ಆದರೆ ಮರ್ಯಾದಸ್ಥಳಲ್ಲ. ನಾನು ಕಿಟಕಿಯ ಹತ್ತಿರ ಕೂತು ಒಂದು ನಿಮಿಷ ಹೊರಗೆ ನೋಡಿದರೆ ಸಾಕು, ಒಳಗಿನಿಂದ ಆ ಪ್ರಶ್ನೆ ಬರುತ್ತಿತ್ತು: "ಏನ್ ಯೋಚ್ನೆ ಮಾಡ್ತಿದೀಯೇ ಸುಗುಣಾ?" ನಾನು ಹೇಳಬೇಕಾಗುತ್ತಿತ್ತು. ಎದುರುಮನೆಯ ಬೆಕ್ಕು ವಿಧವೆಯೋ ಎಂದು ಯೋಚಿಸುತ್ತಿದ್ದೆ ಎಂದೋ, ಮೂಗಿನ ಹೊಳ್ಳೆ ಎರಡೇ ಯಾಕೆ ಎಂದೋ. ದೊಡ್ಡಮ್ಮ ಅದನ್ನು ಬಾವಿಕಟ್ಟೆಗೆ ಒಯ್ಯುತ್ತಿದ್ದಳು. ಸಂಜೆಗೆ ಬೀದಿಯಲ್ಲಿ ಎಲ್ಲರೂ ನನ್ನ ಮೂಗು ನೋಡುತ್ತಿದ್ದರು. ರಾತ್ರಿ ದಿನಚರಿ ಬರೆದು ಮುಚ್ಚಿಟ್ಟರೆ "ಏನ್ ಬರೆದೆ" ಎನ್ನುವಳು, ಅದನ್ನೂ ಹೇಳಬೇಕು. ಆಮೇಲಾಮೇಲೆ ನನ್ನ ದಿನಚರಿಯಲ್ಲಿ ಹವಾಮಾನ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಇವತ್ತು ಮೋಡ. ಇವತ್ತು ಬಿಸಿಲು. ಮೋಡ, ಆದರೆ ಮಳೆಯಿಲ್ಲ. ಒಂದು ದಿನ ಅದನ್ನು ತಿರುವಿಹಾಕುತ್ತಾ, ಇಷ್ಟು ವರ್ಷದಲ್ಲಿ ನನ್ನೊಳಗೇ ಹುಟ್ಟಿ ನನ್ನೊಳಗೇ ಉಳಿದ ಒಂದು ಮಾತೂ ಇಲ್ಲವಲ್ಲ ಎನಿಸಿತು. ಒಂದು ಮೀನು ಬೇಕು ಎಂದು ನಿರ್ಧಾರ ಮಾಡಿದೆ. ಅದನ್ನೂ ದೊಡ್ಡಮ್ಮ ಕೇಳಿ ತಿಳಿದುಕೊಂಡಳು. ಮೀನು ಯಾಕೆ ಬೇಕು ಎಂದಳು. ನೀವು ಕೇಳ್ತೀರಲ್ಲ, ಅದಕ್ಕೆ ಎಂದೆ. ಅವಳಿಗೆ ಬೇಜಾರಾಯಿತು, ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

ನೊಣ ಕಟ್ಟುವುದನ್ನು ಹೇಳಿಕೊಡಬಲ್ಲವರೆಂದರೆ ಸಂಪಂಗಯ್ಯ. ಹೊಳೆ ಕಂಡ ಕೈಗಳಲ್ಲೆಲ್ಲ ಅವರದೇ ದೊಡ್ಡ ಕೈ ಎನ್ನುತ್ತಿದ್ದರು. ಆದರೆ ಎಷ್ಟೋ ವರ್ಷಗಳಿಂದ ಅವರು ಒಂದು ನೊಣವನ್ನೂ ಕಟ್ಟಿರಲಿಲ್ಲ, ಯಾಕೆಂದರೆ ಅವರಿಗೆ ಬಿಕ್ಕಳಿಕೆ. ಹಿರಿಯ ಮಗಳು ಹೊಂಬಾಳಮ್ಮನ ಮದುವೆಯ ಗಡಿಬಿಡಿಯಲ್ಲಿ ಆ ವರ್ಷ ಹೊಳೆಗೆ ಹೋಗುವುದು ತಪ್ಪಿತ್ತಂತೆ. ಧಾರೆ ಮುಗಿದು, ಹೆಣ್ಣು ಒಪ್ಪಿಸುವಾಗ ಅವರು ಅತ್ತುಬಿಟ್ಟರು. ಅದನ್ನು ನೋಡಿದ ಕಿರಿಯವಳು ಸಾಕಮ್ಮ ತುಂಬಿದ ಚಪ್ಪರದಲ್ಲಿ ಎದ್ದುನಿಂತು, ಅಪ್ಪಾ, ನಮ್ಮಿಬ್ಬರಲ್ಲಿ ನಿನಗೆ ಯಾರು ಹೆಚ್ಚು ಎಂದು ಕೇಳಿಬಿಟ್ಟಳು. ಇನ್ನು ಹೆಣ್ಣು ಸಾಕು ಎಂದು ಅಜ್ಜಿ ಹೆಸರಿಟ್ಟ ಕೂಸು ಅವಳು. ಅವಳ ಸಂಕಟ ಅವಳಿಗೆ. ಸಂಪಂಗಯ್ಯ "ಇಬ್ರೂ ಒಂದೇ ಕಣವ್ವ" ಎಂದರು. ಆ ಮಾತಿನ ಬಾಲಕ್ಕೇ ಮೊದಲ ಬಿಕ್ಕಳಿಕೆ ಬಂತು. ಇಬ್ಬರೂ ಒಂದೇ ಅಲ್ಲ ಎನ್ನುವುದು ಅಲ್ಲಿಗೆ ಊರಿಗೆಲ್ಲ ತಿಳಿಯಿತು. ಯಾರು ಹೆಚ್ಚು ಎನ್ನುವುದು ತಿಳಿಯಲಿಲ್ಲ, ಯಾಕೆಂದರೆ ಅವರು ಆಮೇಲೆ ಆ ವಿಷಯಕ್ಕೆ ಬಾಯಿ ತೆರೆಯಲೇ ಇಲ್ಲ. ಬಿಕ್ಕಳಿಸುತ್ತಲೇ ಮಗಳನ್ನು ಬಂಡಿ ಹತ್ತಿಸಿದರು, ಬಿಕ್ಕಳಿಸುತ್ತಲೇ ಮುದುಕರಾದರು.

ನಾನು ಹೋಗುವ ಹೊತ್ತಿಗೆ ಆ ಬಿಕ್ಕಳಿಕೆ ಬೀದಿಯ ಗಡಿಯಾರವಾಗಿತ್ತು. ಅಷ್ಟು ಕರಾರುವಾಕ್ಕು. ಎದುರುಮನೆಯ ದೇವೀರಮ್ಮ ಅದನ್ನು ಎಣಿಸಿ ಅನ್ನ ಬಸಿಯುತ್ತಿದ್ದಳು. ಎಡಗಡೆಯ ಮನೆಯಲ್ಲಿ ಹೊಂಬಾಳಮ್ಮ, ಬಲಗಡೆಯ ಮನೆಯಲ್ಲಿ ಸಾಕಮ್ಮ, ಇಬ್ಬರೂ ಗಂಡಂದಿರನ್ನು ಒಪ್ಪಿಸಿ ಅಪ್ಪನ ಪಕ್ಕಕ್ಕೇ ಬಂದು ಸೇರಿದ್ದರು. ಬೆಳಗಿನ ಊಟ ಎಡಗಡೆಯಿಂದ, ಸಂಜೆಯದು ಬಲಗಡೆಯಿಂದ. ಬೀದಿಯೂ ಹಾಗೇ ಎರಡಾಗಿತ್ತು. ಎಡಸಾಲಿನವರು ಹೊಂಬಾಳಮ್ಮನೇ ಎನ್ನುತ್ತಿದ್ದರು, ಬಲಸಾಲಿನವರು ಸಾಕಮ್ಮನೇ ಎನ್ನುತ್ತಿದ್ದರು. ಹೆಣ್ಣು ಕೊಡುವಾಗ ತರುವಾಗಲೂ ಇದನ್ನು ನೋಡುತ್ತಿದ್ದರಂತೆ.

ನಾನು ಹೋಗಿ ಜಗಲಿಯ ಕೊನೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಎದ್ದು ಬಂದೆ. ಮಾರನೆಯ ದಿನವೂ ಹೋಗಿ ಕೂತೆ. ಸಂಪಂಗಯ್ಯ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಾ ಇದ್ದವರು ಕೊನೆಗೆ, "ಕೇಳೋಕೆ ಏನೂ ಇಲ್ಲ ಅಂತ ಕಾಣುತ್ತೆ" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಹಂಗಾದ್ರೆ ಒಳೀಕೆ ಬಾರವ್ವ" ಎಂದರು. ಇಷ್ಟು ವರ್ಷ ಶಿಷ್ಯರನ್ನು ತೆಗೆದುಕೊಳ್ಳದಿದ್ದದ್ದು ಅದಕ್ಕೇ ಅಂತೆ. ಬಂದವರೆಲ್ಲ ಮೊದಲು ದಾರದ ಬಗ್ಗೆ ಕೇಳುತ್ತಿದ್ದರು, ಆಮೇಲೆ ಗರಿಯ ಬಗ್ಗೆ, ಮೂರನೆಯದಕ್ಕೆ ಮಗಳ ಬಗ್ಗೆ.

ಕಿಟಕಿಯ ಕೆಳಗೆ ಒಂದು ಹಲಗೆ, ಹಲಗೆಗೆ ಬಿಗಿದ ಪುಟ್ಟ ಇಕ್ಕಳ. ಇಕ್ಕಳದ ಬಾಯಿಗೆ ಗಾಳ ಕಚ್ಚಿಸಬೇಕು, ಕೊಕ್ಕೆಯ ಭಾಗ ಒಳಗೆ, ದಾರ ಪೋಣಿಸುವ ಕಣ್ಣು ಹೊರಗೆ. ಮೇಣ ಸವರಿದ ರೇಷ್ಮೆ ಎಳೆಯನ್ನು ಕಣ್ಣಿನ ಹಿಂದಿನಿಂದ ಶುರುಮಾಡಿ ಕೊಕ್ಕೆಯ ಬಾಗಿನ ತನಕ ಒತ್ತೊತ್ತಾಗಿ ಸುತ್ತಿಕೊಂಡು ಹೋಗಬೇಕು. ಅಲ್ಲಿ ಬಾಲಕ್ಕೆ ಬೆಕ್ಕಿನ ನಾಲ್ಕು ಕೂದಲು, ಮೈಗೆ ನವಿಲುಗರಿಯ ಎಳೆ, ಕೊನೆಗೆ ಕಾಲುಗಳ ಹಾಗೆ ಕೆದರಿ ನಿಲ್ಲಲು ಹುಂಜದ ಕತ್ತಿನ ಗರಿ. ಕೇಳಲು ಇಷ್ಟೇ. ಮೊದಲ ದಿನ ನಾನು ನನ್ನ ಹೆಬ್ಬೆರಳನ್ನು ಗಾಳಕ್ಕೆ ಸೇರಿಸಿ ಸುತ್ತಿದೆ. ಆಮೇಲೆ ದಾರ ಬಿಗಿ ಮಾಡಿ ಹರಿದೆ, ಹರಿಯಬಾರದೆಂದು ಸಡಿಲ ಬಿಟ್ಟೆ, ಎಲ್ಲವೂ ಗಾಳದ ಸುತ್ತ ಬುಗುರಿಯ ಹಾಗೆ ತಿರುಗಿತು. ಗರಿ ಹಿಂದಕ್ಕೆ ಬಾಗುವ ಬದಲು ಮುಂದಕ್ಕೆ ಬಾಗಿ, ನೊಣ ಗಾಳಿಗೆ ಕೊಡೆ ತಿರುಚಿಕೊಂಡವರ ಹಾಗೆ ಕಂಡಿತು. ಮೇಣ ಹೆಚ್ಚಾಗಿ ಬೆಕ್ಕಿನ ಕೂದಲು ಗಾಳಕ್ಕಿಂತ ನನ್ನ ಮೂಗಿಗೇ ಜಾಸ್ತಿ ಅಂಟಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇತ್ತು. ನಾನು ಒಂದೊಂದನ್ನೂ ಇನ್ನಷ್ಟು ಚೆನ್ನಾಗಿ ಮಾಡೋಣವೆಂದು ಇನ್ನೆರಡು ಸುತ್ತು, ಇನ್ನೆರಡು ಸುತ್ತು ಎಂದು ಸುತ್ತುತ್ತಾ ಹೋಗಿ, ಕೊನೆಯ ಗಂಟು ಹಾಕುವ ಹೊತ್ತಿಗೆ ಗಾಳದ ಕಣ್ಣೇ ಮುಚ್ಚಿಹೋಗಿರುತ್ತಿತ್ತು. ಕಣ್ಣಿಲ್ಲದ ನೊಣಕ್ಕೆ ದಾರ ಪೋಣಿಸುವುದು ಎಲ್ಲಿಂದ? ಸಂಪಂಗಯ್ಯ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತಿದ್ದರು. "ಚೆನ್ನಾಗದೆ. ಇದನ್ನ ಮೀನು ತಿನ್ನಲ್ಲ, ಮೀನಿಗೆ ಇದು ಪಾಪ ಅನ್ನಿಸ್ತದೆ" ಎನ್ನುತ್ತಿದ್ದರು. ಇನ್ನೊಂದನ್ನು ನೋಡಿ ಅಜ್ಜಿ ಉಗುಳಿದ ಎಲೆಯಡಿಕೆ ಎಂದರು. ನನಗೆ ಅಳು ಬರಲಿಲ್ಲ, ನಗು ಬಂತು. ಯಾರೂ ಏನೂ ಕೇಳದ ಒಂದು ಕೋಣೆಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಅನುಮಾನ ಬಂದರೆ "ಈ ಎಳೆ ಸಡಿಲ ಇದ್ದಂಗಿದೆ" ಎಂದು ಇಕ್ಕಳಕ್ಕೆ ಹೇಳುತ್ತಿದ್ದೆ. ಅವರು "ಇದ್ದಂಗಿದೆ" ಎನ್ನುತ್ತಿದ್ದರು. ಎರಡು ಬಿಕ್ಕಳಿಕೆಗಳ ನಡುವೆ ಎಷ್ಟು ಮಾತು ಹಿಡಿಸುತ್ತದೆಯೋ ಅಷ್ಟೇ ಅವರ ಪಾಠ. ಎಂದಾದರೂ ತಡೆಯಲಾರದೆ ತಾವೇ ದಾರ ಹಿಡಿದರೆ ಸುತ್ತಿನ ಮಧ್ಯೆ ಮೈಯೆಲ್ಲ ಎಗರಿ, ಗರಿಯೊಂದು ಕಡೆ, ಎಳೆಯೊಂದು ಕಡೆ. ಆಗ ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಇಂಥ ಕೈಯಲ್ಲಿ ಗಾಳದ ಕೋಲು ಹಿಡಿದರೆ ಹೊಳೆಯ ಮೀನೆಲ್ಲ ಊರು ಬಿಟ್ಟು ಹೋಗುತ್ತವೆ ಎನ್ನುವುದು ಅವರ ನಂಬಿಕೆ, ಊರಿನದೂ ಅದೇ.

ಒಂದು ಮಧ್ಯಾಹ್ನ ನಾನು ನವಿಲುಗರಿಯ ಎಳೆ ಸುತ್ತುತ್ತಿದ್ದೆ. ಅದು ಬಲು ನಾಜೂಕು, ಮೂರು ಎಳೆ ಸೇರಿಸಿ ಹೊಸೆದು ಸುತ್ತಬೇಕು. ನಾನು ಎಳೆದೆಳೆದು ತುಂಡರಿಸುತ್ತಿದ್ದೆ. ಸಂಪಂಗಯ್ಯ ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು. "ಎಳೀಬ್ಯಾಡ ಕಣವ್ವ. ಜಡೆ ಹೆಣೆಯೋ ಹಂಗೆ. ಎಣ್ಣೆ ಹಚ್ಚಿ, ತೊಡೆ ಮ್ಯಾಲೆ ಕೂರಿಸ್ಕಂಡು, ನೋಯ್ದಂಗೆ. ಬಾಚಣಿಗೆ ಇಟ್ರೆ ಸಾಕು, ಕೂತಲ್ಲೇ ತೂಕಡಿಸೋಳು, ನನ್ನ..." ಎಂದು ಒಂದು ಹೆಸರು ಹೇಳಿದರು.

ಅಷ್ಟೆ. ಹೆಸರು ಹೇಳಿದರು ಎನ್ನುವುದು ಅವರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಆಮೇಲೆ, ಬರಬೇಕಾದ ಬಿಕ್ಕಳಿಕೆ ಬರದೆ ಹೋದಾಗ. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು, ಮೆಟ್ಟಿಲು ಇದೆಯೆಂದು ಕಾಲಿಟ್ಟು ಇಲ್ಲದ್ದು ಕಂಡವರ ಮುಖ. ಉತ್ತರ ಇಷ್ಟು ವರ್ಷದ ಮೇಲೆ ಗಂಟಲು ದಾಟಿತ್ತಲ್ಲ, ಬಿಕ್ಕಳಿಕೆಗೂ ಗೊಂದಲವಾಗಿರಬೇಕು. ಆದರೆ ಕೇಳಿದವಳಿಗೆ ಅದು ತಲುಪಿರಲಿಲ್ಲ. ಸ್ವಲ್ಪ ಹೊತ್ತು ಕಾದು ನೋಡಿ ಮತ್ತೆ ಶುರುವಾಯಿತು.

ಅಷ್ಟು ಹೊತ್ತೇ ಸಾಕಾಗಿತ್ತು. ಎದುರುಮನೆಯಲ್ಲಿ ದೇವೀರಮ್ಮ ಎಣಿಕೆ ತಪ್ಪಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ನಿಂತಿತ್ತು ಕಣ್ರೇ, ನಿಂತಿತ್ತು" ಎಂದಳು. ಎಡಸಾಲಿನ ಬಾಗಿಲುಗಳು ತೆರೆದವು, ಬಲಸಾಲಿನವು ತೆರೆದವು. ಸಂಪಂಗಯ್ಯ ಹೇಳಿಬಿಟ್ಟಿದ್ದಾರೆ, ಒಳಗೆ ಇರುವುದು ಆ ಏನೂ ಕೇಳದ ಹುಡುಗಿ, ಹಾಗಾದರೆ ಈಗ ಅವಳಿಗೆ ಗೊತ್ತು. ಊರಿಗೆ ಊರೇ ಲೆಕ್ಕ ಹಾಕಲು ಒಂದು ಅನ್ನ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸಂಪಂಗಯ್ಯನವರನ್ನು ಕೇಳಿ ಪ್ರಯೋಜನವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾನು ಮಾತ್ರ ಹುಟ್ಟಿದಂದಿನಿಂದ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದವಳು. ಮೂಗಿನ ಹೊಳ್ಳೆಯ ವಿಷಯವನ್ನೇ ಹೇಳಿದವಳು.

ಮುಂಬಾಗಿಲು ಬಡಿಯುವುದು ಕೇಳಿತು. ಹೊಂಬಾಳಮ್ಮ "ಸಾಕೂ, ಬ್ಯಾಡ್ವೇ, ಬಾ ಇಲ್ಲಿ" ಎನ್ನುತ್ತಿದ್ದಳು. ಸಾಕಮ್ಮ ಬಾಗಿಲು ಬಡಿಯುತ್ತಲೇ ಇದ್ದಳು. ಸಂಪಂಗಯ್ಯ ಎದ್ದು ಅಗಳಿ ಹಾಕಿ ಬೆನ್ನು ಕೊಟ್ಟು ನಿಂತರು. ಒಂದೊಂದು ಬಿಕ್ಕಳಿಕೆಗೂ ಅವರ ಜೊತೆ ಬಾಗಿಲೂ ಎಗರುತ್ತಿತ್ತು. "ಮುಗಿಸವ್ವ. ಮುಗಿಸ್ಕಂಡು ಹಿತ್ತಲಿಂದ ಓಡು" ಎಂದರು. ಅಷ್ಟು ವಯಸ್ಸಾದವರು ನನ್ನ ಮುಂದೆ ಕೈ ಮುಗಿದ ಹಾಗೆ ನಿಂತಿದ್ದನ್ನು ನೋಡಲಾಗಲಿಲ್ಲ. ಪ್ರಶ್ನೆ ಕಿವಿಗೆ ಬಿದ್ದರೆ ತಾನೇ ಬಿಕ್ಕಳಿಕೆ? ಬೇರೆ ನೊಣಗಳಿಗೆಂದು ಇಟ್ಟಿದ್ದ ಕುರಿತುಪ್ಪಳವನ್ನು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡೆ. ಆಮೇಲೆ ಲೋಕ ತನ್ನ ಪಾಡಿಗೆ ದೂರವಾಯಿತು. ನವಿಲೆಳೆಯನ್ನು ನೋಯಿಸದ ಹಾಗೆ ಸುತ್ತಿದೆ, ಮೊದಲ ಸಲ ತುಂಡಾಗಲಿಲ್ಲ. ಹುಂಜದ ಗರಿ ಮಾತ್ರ ಮತ್ತೆ ಮುಂದಕ್ಕೇ ಬಾಗಿತು. ಗಂಟು ಹಾಕುವಾಗ ನೋಡಿದರೆ, ಎಂದಿನಂತೆ ಕಣ್ಣು ಮುಚ್ಚಿಹೋಗಿತ್ತು. ಸೂಜಿಯಿಂದ ಚುಚ್ಚಿ ಚುಚ್ಚಿ ಒಂದು ಕೂದಲು ಹಿಡಿಸುವಷ್ಟು ತೂತು ಬಿಡಿಸಿದೆ. ಮೂಲೆಯಲ್ಲಿದ್ದ ಅವರ ಬಿದಿರುಕೋಲು ತೆಗೆದುಕೊಂಡು ಹಿತ್ತಲ ಬೇಲಿ ನುಸುಳಿದೆ.

ಹೊಳೆಯ ದಾರಿಯಲ್ಲಿ ಜನ ಬಾಯಿ ಆಡಿಸುತ್ತಾ ಹಿಂದೆ ಬಂದರು. ತುಪ್ಪಳದ ಆಚೆಗೆ ಅದು ದೂರದ ಜೇನುಗೂಡಿನ ಹಾಗೆ ಕೇಳುತ್ತಿತ್ತು. ದೊಡ್ಡಮ್ಮನೂ ಇದ್ದಳು, ಅವಳ ಬಾಯಿ ಯಾವ ಪ್ರಶ್ನೆಗೆ ಹೇಗೆ ತೆರೆಯುತ್ತದೆಂದು ನನಗೆ ಗೊತ್ತಿದ್ದುದರಿಂದ ಆ ಕಡೆ ನೋಡಲಿಲ್ಲ. ದಂಡೆಯಲ್ಲಿ ಕೆಂಪರಾಜು ಇದ್ದ. ಆ ಹೊತ್ತಿನಲ್ಲಿ ಯಾಕಿದ್ದ ಎಂದು ಯಾರೂ ಕೇಳುವ ಹಾಗಿಲ್ಲ. ನನ್ನ ನೊಣವನ್ನು ನೋಡಿದ, ಏನೋ ಹೇಳಿದ, ಟೋಪಿ ತೆಗೆದು ಎದೆಗಿಟ್ಟುಕೊಂಡು ಸ್ವಲ್ಪ ಆಚೆ ಸರಿದು ಜಾಗ ಬಿಟ್ಟ. ಹೆಣ ಹೋಗುವಾಗ ಹಾಗೆ ಸರಿಯುತ್ತಾರೆ.

ನಾನು ಎಸೆದೆ. ನೊಣ ನೀರಿನ ಮೇಲೆ ಬಿದ್ದು, ಒಂದು ಪಕ್ಕಕ್ಕೆ ವಾಲಿ, ಕಸದ ಹಾಗೆ ತೇಲಿತು. ಕೆಳಗೆ ಮೀನು ಕಾಣುತ್ತಿದ್ದವು. ಒಂದು ಬಂದು ನೋಡಿತು, ತಿರುಗಿತು. ಇನ್ನೊಂದು ನೋಡುವುದಕ್ಕೂ ಬರಲಿಲ್ಲ. ಎಳೆದು ಮತ್ತೆ ಎಸೆದೆ. ಮತ್ತೆ ಕಸ. ನಾಲಗೆಯ ಮೇಲೆ ಆ ಹೆಸರು ಕೂತಿತ್ತು. ಅದು ನನ್ನದಲ್ಲ, ಆದರೆ ನನ್ನ ಬಾಯಲ್ಲಿತ್ತು. ಅದು ಹೊರಬಿದ್ದರೆ ಇನ್ನು ಮೇಲೆ ಒಂದು ಮನೆಯಿಂದ ಊಟ ಬರುವುದಿಲ್ಲ ಎನ್ನುವುದಷ್ಟೇ ಅಲ್ಲ. ಆ ಮುದುಕ ಇಷ್ಟು ವರ್ಷ ಮೈ ಎಗರಿಸಿಕೊಂಡು ಕಾಪಾಡಿದ್ದು ನನ್ನಿಂದ ಒಂದು ಗಳಿಗೆಯಲ್ಲಿ ಹೋಗುತ್ತದೆ.

ಯಾರದೋ ಕೈ ಹಿಂದಿನಿಂದ ಬಂದು ನನ್ನ ಬಲಗಿವಿಯ ತುಪ್ಪಳ ಕಿತ್ತಿತು. ಸಾಕಮ್ಮ. ಓಡಿ ಬಂದು ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳ ಹಿಂದೆ ಹೊಂಬಾಳಮ್ಮ, ತಂಗಿಯ ಬಾಯಿ ಮುಚ್ಚಲು ಚಾಚಿದ ಕೈ ಹಾಗೇ ಗಾಳಿಯಲ್ಲಿ.

"ಅಪ್ಪ ಯಾರ ಹೆಸ್ರು ಹೇಳಿದ್ರು ಸುಗುಣಾ?"

ಹೆಸರು ಗಂಟಲಿಗೆ ಬಂತು. ಅದಕ್ಕೆ ಅಭ್ಯಾಸವಿತ್ತು, ನನ್ನ ಗಂಟಲಲ್ಲಿ ಮಾತುಗಳಿಗೆ ಎಂದೂ ಅಡ್ಡಿಯಿರಲಿಲ್ಲ. ನಾನು ಹಲ್ಲು ಕಚ್ಚಿದೆ. ಸೆರಗಿನ ತುದಿ ಬಾಯಿಗೆ ತುರುಕಿ ಅದನ್ನೂ ಕಚ್ಚಿದೆ. ಎದೆಯ ಕೆಳಗೆ ಎಲ್ಲಿಂದಲೋ, ಹುಟ್ಟಿದಾಗಿನಿಂದ ಬಾರದಿದ್ದ ಬಿಕ್ಕಳಿಕೆ ಎದ್ದು ಬಂದು ನನ್ನನ್ನು ನೆಲದಿಂದ ಎತ್ತಿ ಹಾಕಿತು. ನನ್ನ ಜೊತೆ ಕೋಲು ಎಗರಿತು, ಕೋಲಿನ ಜೊತೆ ದಾರ, ದಾರದ ಕೊನೆಯಲ್ಲಿ ನೊಣ. ಕಸದ ಹಾಗೆ ಬಿದ್ದಿದ್ದದ್ದು ನೀರಿನ ಮೇಲೆ ಪುಟ್ಟದಾಗಿ ನೆಗೆಯಿತು. ನಿಂತಿತು. ಇನ್ನೊಂದು ಬಿಕ್ಕಳಿಕೆ ಬಂತು, ಮತ್ತೆ ನೆಗೆಯಿತು. ಮುಂದಕ್ಕೆ ಬಾಗಿದ್ದ ಆ ಕೆಟ್ಟ ಗರಿ ಪ್ರತಿ ನೆಗೆತಕ್ಕೂ ನೀರನ್ನು ಕೆದಕಿ, ರೆಕ್ಕೆ ಒದ್ದೆಯಾಗಿ ಏಳಲಾರದೆ ಒದ್ದಾಡುವ ನೊಣ ಹೇಗಿರುತ್ತದೋ ಹಾಗೇ ಆಯಿತು. ನಾನು ಅಳುತ್ತಿದ್ದೆ, ಮೂರನೆಯದು ಬಂತು. ನೀರು ಬಾಯಿ ತೆರೆಯಿತು, ಕೋಲು ಬಾಗಿತು.

ಕೈಬೆರಳಿನಷ್ಟು ಉದ್ದದ ಮೀನು. ಅದನ್ನು ಹೇಗೆ ಎಳೆದೆನೋ ಗೊತ್ತಿಲ್ಲ, ಅಂಗೈಗೆ ಬಂದು ತಣ್ಣಗೆ ಮಿಸುಕಿತು. ಬಿಕ್ಕಳಿಕೆ ಅರ್ಧದಲ್ಲೇ, ಬಾಗಿಲು ಮುಚ್ಚಿದ ಹಾಗೆ ನಿಂತಿತು. ಸಾಕಮ್ಮ ಇನ್ನೊಂದು ಸಲ ಕೇಳಿದಳು, ಮೆಲ್ಲಗೆ. ನಾನು ಅವಳ ಮುಖ ನೋಡಿದೆ. ಏನೂ ಆಗಲಿಲ್ಲ. ಹೆಸರು ಇದ್ದಲ್ಲೇ ಇತ್ತು, ಇಳಿದು ಎಲ್ಲೋ ಒಳಗೆ ಹೋಗಿ ಮಲಗಿತು. ಕೆಂಪರಾಜು ಟೋಪಿಯನ್ನು ತಲೆಗೆ ಹಾಕಿಕೊಂಡ.

ಜನ ಚದುರಿದರು. ಮೀನು ಹಿಡಿದವರನ್ನು ಕೇಳಿ ಉಪಯೋಗವಿಲ್ಲ, ಅವರು ಏನು ಹೇಳಿದರೂ ಅದು ಮಾತಲ್ಲ. ಎರಡೂ ಸಾಲಿನವರು ನನ್ನನ್ನು ಒಂದೇ ಥರ ಬೈದುಕೊಂಡು ಹೋದರು; ಅವರು ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲಂತೆ. ದೊಡ್ಡಮ್ಮ ಮನೆಯಲ್ಲಿ ಎರಡು ಮೂರು ಸಲ ಬಾಯಿ ತೆರೆದು, ನೆನಪಾಗಿ, ಮುಚ್ಚಿಕೊಂಡಳು. ಊಟದ ಹೊತ್ತಿನಲ್ಲಿ ಮನೆ ನಿಶ್ಶಬ್ದವಾಗಿತ್ತು. ನನಗೆ ಅದು ಬಹಳ ರುಚಿಯಾಯಿತು, ಜೊತೆಗೆ ಅವಳನ್ನು ಕಂಡು ಪಾಪವೆನಿಸಿತು. ಎರಡನ್ನೂ ಯಾರಿಗೂ ಹೇಳಲಿಲ್ಲ.

ಮರುದಿನ ಬಾವಿಯ ಹತ್ತಿರ ಹೊಂಬಾಳಮ್ಮ ಸಿಕ್ಕಳು. ಸಿಕ್ಕಳು ಅಲ್ಲ, ಕಾದಿದ್ದಳು. ಎರಡೂ ಕೊಡ ತುಂಬಿದ್ದರೂ ಹಗ್ಗ ಇಳಿಬಿಡುತ್ತಿದ್ದಳು. ಕೇಳಲಿಲ್ಲ ಅವಳು. ಹೆಣ್ಣು ಒಪ್ಪಿಸುವಾಗ ಅಪ್ಪ ಅತ್ತಿದ್ದು ತಾನು ಹೋಗುತ್ತೇನೆಂದಲ್ಲ, ಮನೆಯಲ್ಲಿ ಇನ್ನು ಸಾಕು ಒಬ್ಬಳೇ ಆಗುತ್ತಾಳಲ್ಲ ಎಂದು ಎನ್ನುವ ಅನುಮಾನ ತನಗೆ ಇಷ್ಟು ವರ್ಷವೂ ಇದೆ ಎಂದು ಬಾವಿಯೊಳಗೆ ನೋಡುತ್ತಾ ಹೇಳಿದಳು. ಹಿರಿಯವಳಲ್ಲವೇ, ತೋರಿಸಿಕೊಳ್ಳುವ ಹಾಗಿಲ್ಲ ಎಂದಳು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದಕ್ಕೆಂದೇ ಇಷ್ಟೆಲ್ಲ ಕಲಿತದ್ದು. "ನಿಮ್ಮ ಹೆಸ್ರೇ ಅಕ್ಕ" ಎಂದೆ. ಅವಳು ಹಗ್ಗ ಎಳೆದು, ಎರಡೂ ಕೊಡ ಅಲ್ಲೇ ಬಿಟ್ಟು, ಬರಿಗೈಯಲ್ಲಿ ಮನೆಗೆ ಹೋದಳು.

ಸಾಕಮ್ಮ ಸಂಜೆ ನಮ್ಮ ಮನೆಗೇ ಬಂದಳು, ಅಪ್ಪನಿಗೆ ಒಯ್ಯುವ ಊಟದ ಡಬ್ಬಿ ಕೈಯಲ್ಲಿತ್ತು. ದೊಡ್ಡಮ್ಮ ಅಡುಗೆಮನೆಯ ಬಾಗಿಲಿನಲ್ಲಿ ಕಿವಿಯಾಗಿ ನಿಂತಳು. ಸಾಕಮ್ಮನಿಗೆ ಸುತ್ತಿಬಳಸುವುದು ಬರುವುದಿಲ್ಲ, ನೇರ ಕೇಳಿದಳು. ನಾನು ನೇರವಾಗಿಯೇ, "ನಿಮ್ಮ ಹೆಸ್ರು" ಎಂದೆ. ಅವಳು ನನ್ನ ಗಂಟಲನ್ನೇ ನೋಡುತ್ತಾ ನಿಂತಳು, ಅಲ್ಲಿ ಏನಾದರೂ ಏಳುತ್ತದೋ ಎಂದು. ಏಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ನಾನು ನಿಜವನ್ನೇ ಹೇಳಿದ್ದೆ, ಆದರೆ ಮೀನು ಹಿಡಿದವಳ ಬಾಯಲ್ಲಿ ನಿಜಕ್ಕೂ ಸುಳ್ಳಿಗೂ ಒಂದೇ ಬಣ್ಣ.

"ನಿನ್ ಮಾತು ನಂಬೋ ಹಂಗಿಲ್ಲ, ನಂಗೊತ್ತು" ಎಂದಳು. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಅವಳು ಹೋದಳು. ಹೊಸ್ತಿಲು ದಾಟುವಾಗ ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಕೆಯಿರಬೇಕು. ದೊಡ್ಡಮ್ಮ ಹೊರಬಂದು ನನ್ನನ್ನು ಬಹಳ ಹೊತ್ತು ನೋಡಿದಳು. ಬಾವಿಕಟ್ಟೆಗೆ ಮಾತ್ರ ಹೋಗಲಿಲ್ಲ.

ಆ ಸಂಜೆ ಸಾಕಮ್ಮ ಅಪ್ಪನಿಗೆ ಬಡಿಸುವಾಗ ಏನು ಮಾತಾಡಿದಳೋ ತಿಳಿಯದು. ಬಹುಶಃ ಏನೂ ಮಾತಾಡಲಿಲ್ಲ, ಆ ಹಳೆಯ ಪ್ರಶ್ನೆ ಅವಳ ಮನಸ್ಸಿನಿಂದಲೇ ಇಳಿದುಹೋಗಿತ್ತೋ ಏನೋ. ಬೀದಿಯವರು ಹೇಳುವುದು ಇಷ್ಟು: ಒಂದು ಬಿಕ್ಕಳಿಕೆ ಬಂತು, ಅದರ ಮುಂದಿನದು ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಜನ ಬಾಗಿಲಿಗೆ ಬಂದು ನಿಂತು ಕಾದರು. ಹೇಳಿಬಿಟ್ಟರು ಎಂದು ಎಡಸಾಲು ಎಂದಿತು, ಹೇಳಿಬಿಟ್ಟರು ಎಂದು ಬಲಸಾಲು ಎಂದಿತು. ಸಾಕಮ್ಮ ಖಾಲಿ ಡಬ್ಬಿ ಹಿಡಿದು ಹೊರಬಂದಳು. ಅಕ್ಕನ ಜಗಲಿಯ ಮುಂದೆ ನಿಂತು, ನಾಳೆ ಬೆಳಗಿನ ಸಾರಿಗೆ ನುಗ್ಗೆಕಾಯಿ ಬೇಕಾಗಬಹುದು, ತಮ್ಮ ಮರದಲ್ಲಿವೆ ಎಂದಳಂತೆ. ಹೊಂಬಾಳಮ್ಮ, ಇದ್ದರೆ ನಾಲ್ಕು ಕೊಡು ಎಂದಳಂತೆ. ಒಬ್ಬರನ್ನೊಬ್ಬರು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವಿತ್ತು ಎಂದು ದೇವೀರಮ್ಮ ಹೇಳಿದಳು. ಇಬ್ಬರಿಗೂ ಇನ್ನೊಬ್ಬಳ ಮೇಲೆ.

ನಾನು ಮಾರನೆಯ ದಿನ ಬಿದಿರುಕೋಲು ಹಿಂದಿರುಗಿಸಲು ಹೋದೆ. ಸಂಪಂಗಯ್ಯ ಹಲಗೆಯ ಮುಂದೆ ಕೂತಿದ್ದರು. ಇಕ್ಕಳದಲ್ಲಿ ಗಾಳವಿತ್ತು, ಅವರ ಬೆರಳಲ್ಲಿ ದಾರವಿತ್ತು. ನೊಣ ಕಟ್ಟುವುದು ಅಂದರೆ ಏನೆಂದು ನಾನು ಆವತ್ತು ನೋಡಿದೆ. ದಾರ ಒಂದರ ಪಕ್ಕ ಒಂದು ಬಂದು ಮಲಗುತ್ತಿತ್ತು, ಕಣ್ಣಿನ ಹಿಂದೆ ಬೇಕಾದಷ್ಟೇ ಜಾಗ ಉಳಿದಿತ್ತು. ಆದರೆ ಅವರ ಕೈ ಎರಡು ಸುತ್ತು ಸುತ್ತಿ ತನ್ನಷ್ಟಕ್ಕೆ ನಿಲ್ಲುತ್ತಿತ್ತು, ಬಿಕ್ಕಳಿಕೆಗೆ ದಾರಿ ಬಿಡುವ ಹಾಗೆ. ಅದು ಬರುತ್ತಿರಲಿಲ್ಲ. ಕೈ ಸ್ವಲ್ಪ ಕಾದು ನೋಡಿ ಮತ್ತೆ ಎರಡು ಸುತ್ತು ಸುತ್ತುತ್ತಿತ್ತು.

ನಾನು ಪಕ್ಕದಲ್ಲಿ ಕೂತೆ. ಅವರು ತಲೆ ಎತ್ತದೆ ಕೇಳಿದರು. ನಾನು ಬಂದಾಗಿನಿಂದ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಅವರಿಬ್ರಿಗೂ ಏನಂದೆ?"

ಕಿಟಕಿಯ ಹೊರಗೆ ನೋಡಿದೆ. ಎಡಗಡೆಯ ಹಿತ್ತಲಿನಲ್ಲಿ ಯಾರೋ ಒಬ್ಬರು ಪದ ಹೇಳಿಕೊಂಡು ಬಟ್ಟೆ ಹರವುತ್ತಿದ್ದರು, ಬಲಗಡೆಯ ಹಿತ್ತಲಿನಲ್ಲಿ ಇನ್ನೊಬ್ಬರು ಬೇರೊಂದು ಪದ ಹೇಳಿಕೊಂಡು ಪಾತ್ರೆ ಉಜ್ಜುತ್ತಿದ್ದರು. ನನ್ನ ಗಂಟಲು ತಣ್ಣಗಿತ್ತು. ಸಂಪಂಗಯ್ಯ ಎರಡು ಸುತ್ತು ಸುತ್ತಿದರು, ನಿಲ್ಲಿಸಿದರು, ನನ್ನಿಂದ ಏನೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕ" ಎಂದರು, "ಗಂಟು ನೀನು ಹಾಕು."